ಸಭಾಧ್ಯಕ್ಷ ಪೀಠದಿಂದ ಭದ್ರತೆಯ ಕೋಣೆಗೆ

2025ರ ಆಗಸ್ಟ್ ತಿಂಗಳಲ್ಲಿ ಇರಾನ್ ಸರಕಾರವು ಅಲಿ ಲಾರಿಜಾನಿಯವರನ್ನು ತನ್ನ ಪರಮೋಚ್ಚ ರಾಷ್ಟ್ರೀಯ ಭದ್ರತಾ ಮಂಡಳಿಯ ಕಾರ್ಯದರ್ಶಿಯಾಗಿ ನೇಮಿಸಿತು. 2008ರಿಂದ 2020ರವರೆಗೆ ಹನ್ನೆರಡು ವರ್ಷ ಇರಾನಿನ ಸಂಸತ್ತಾದ ಮಜ್ಲಿಸ್‌ನ ಸಭಾಧ್ಯಕ್ಷರಾಗಿದ್ದವರು ಅವರು. ಶಾಸನಸಭೆಯ ಪೀಠದಲ್ಲಿ ಕುಳಿತವರೊಬ್ಬರು ದೇಶದ ಭದ್ರತೆಯ ಹೊಣೆ ಹೊರುವುದು ಆ ದೇಶದಲ್ಲಿ ಹೊಸ ಸಂಗತಿಯೇನಲ್ಲ. ಮಜ್ಲಿಸ್‌ನ ಅಧ್ಯಕ್ಷರು ಭದ್ರತಾ ಮಂಡಳಿಯ ಸದಸ್ಯರಾಗಿರಬೇಕೆಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. ನೆರೆಯ ಪಾಕಿಸ್ತಾನದಲ್ಲಿಯೂ ಸೆನೆಟ್ ಸದಸ್ಯರಾಗಿದ್ದ ಸರ್ತಾಜ್ ಅಜೀಜ್ 2013ರಲ್ಲಿ ಪ್ರಧಾನಿಯ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಈ ದೇಶಗಳಲ್ಲಿ ಪ್ರಜಾಪ್ರಭುತ್ವ ಎಷ್ಟರ ಮಟ್ಟಿಗೆ ಇದೆ ಎಂಬುದು ಬೇರೆಯೇ ಚರ್ಚೆ. ಅವುಗಳನ್ನು ಮಾದರಿಯೆಂದು ಎತ್ತಿ ಹಿಡಿಯುವ ಉದ್ದೇಶ ನಮಗಿಲ್ಲ. ಆದರೆ ಜಗತ್ತಿನ ಅತಿ ದೊಡ್ಡ ಪ್ರಜಾಪ್ರಭುತ್ವವೆಂದು ಹೆಮ್ಮೆಪಡುವ ನಮ್ಮ ದೇಶದ ಸ್ಥಿತಿಯೇನು ಎಂಬ ಪ್ರಶ್ನೆಯನ್ನು ಈ ಸುದ್ದಿ ಖಂಡಿತ ಎಬ್ಬಿಸುತ್ತದೆ.

ಭಾರತದಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರ ಹುದ್ದೆ ಹುಟ್ಟಿದ್ದು 1998ರ ನವೆಂಬರ್‌ನಲ್ಲಿ, ವಾಜಪೇಯಿಯವರ ಸರಕಾರದ ಕಾಲದಲ್ಲಿ. ಬ್ರಜೇಶ್ ಮಿಶ್ರಾ, ಜೆ.ಎನ್. ದೀಕ್ಷಿತ್, ಎಂ.ಕೆ. ನಾರಾಯಣನ್, ಶಿವಶಂಕರ ಮೆನನ್, ಅಜಿತ್ ದೋವಲ್. ಇವರಲ್ಲಿ ಮೂವರು ವಿದೇಶಾಂಗ ಸೇವೆಯಿಂದ ಬಂದವರು, ಇಬ್ಬರು ಪೊಲೀಸ್ ಸೇವೆಯಿಂದ ಬಂದು ಗುಪ್ತಚರ ದಳದ ಮುಖ್ಯಸ್ಥರಾಗಿದ್ದವರು. ಅವರ ಯೋಗ್ಯತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಈ ಹುದ್ದೆಗೆ ಬರುವ ಮೊದಲು ಅವರಲ್ಲಿ ಒಬ್ಬರೂ ಮತದಾರನ ಮನೆಬಾಗಿಲಿಗೆ ಹೋಗಿ ಕೈಮುಗಿದು ಗೆದ್ದು ಸದನಕ್ಕೆ ಬಂದವರಲ್ಲ. ಸದನದ ಪ್ರಶ್ನೋತ್ತರ ವೇಳೆಯಲ್ಲಿ ಎದ್ದು ನಿಂತು ಉತ್ತರ ಹೇಳುವ ಪ್ರಮೇಯವೂ ಅವರಿಗೆ ಬರುವುದಿಲ್ಲ. 2019ರಲ್ಲಿ ಈ ಹುದ್ದೆಗೆ ಸಂಪುಟ ಸಚಿವರ ಸ್ಥಾನಮಾನ ದೊರೆಯಿತು. ಸಚಿವರ ಸ್ಥಾನವೇನೋ ಬಂತು, ಸಚಿವರಿಗಿರುವ ಉತ್ತರದಾಯಿತ್ವ ಮಾತ್ರ ಬರಲಿಲ್ಲ.

ಕರ್ನಾಟಕದ ರಾಜಕಾರಣದಲ್ಲಿ ಸದನದ ಪೀಠದಿಂದ ಭದ್ರತೆಯ ಕೋಣೆಯವರೆಗಿನ ದಾರಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನಡೆದವರು ಒಬ್ಬರಿದ್ದರು. 2024ರ ಡಿಸೆಂಬರ್ 10ರಂದು ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡ ಎಸ್.ಎಂ. ಕೃಷ್ಣ. ಭದ್ರತಾ ಸಲಹೆಗಾರ ಎಂಬ ಹೆಸರಿನ ಹುದ್ದೆ ಅವರಿಗೆ ಸಿಕ್ಕಿರಲಿಲ್ಲ, ನಿಜ. ಆದರೆ 2009ರಿಂದ 2012ರವರೆಗೆ ಕೇಂದ್ರದ ವಿದೇಶಾಂಗ ಸಚಿವರಾಗಿ, ಪ್ರಧಾನಿ ಮತ್ತು ಗೃಹ, ರಕ್ಷಣೆ, ಹಣಕಾಸು ಸಚಿವರೊಂದಿಗೆ ಭದ್ರತಾ ಸಂಪುಟ ಸಮಿತಿಯ ಮೇಜಿನ ಸುತ್ತ ಅವರು ಕುಳಿತಿದ್ದರು. ಅವರು ತೀರಿಕೊಂಡಾಗ ಬಂದ ಲೇಖನಗಳು ಬೆಂಗಳೂರನ್ನು ಸಿಂಗಪುರ ಮಾಡಲು ಹೊರಟವರು, ಟೆನಿಸ್ ಪ್ರಿಯರು, ಉಡುಪಿನಲ್ಲಿ ಶಿಸ್ತುಗಾರರು ಎಂದೆಲ್ಲ ಕೊಂಡಾಡಿದವು. ಅವೆಲ್ಲ ಇರಲಿ. ನಮ್ಮ ಓದುಗರಿಗೆ ಸಂಬಂಧಿಸಿದ ಕೃಷ್ಣ ಅವರ ಬದುಕು ಬೇರೊಂದು ಕಡೆಯಿಂದ ತೆರೆದುಕೊಳ್ಳುತ್ತದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಸೋಮನಹಳ್ಳಿಯವರಾದ ಅವರು ಮೈಸೂರು ಮತ್ತು ಬೆಂಗಳೂರಿನಲ್ಲಿ ಓದಿ, ಅಮೆರಿಕಾಕ್ಕೆ ಹೋಗಿ ಕಾನೂನು ಅಧ್ಯಯನ ಮಾಡಿ ಬಂದು, 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆಯನ್ನು ಪ್ರವೇಶಿಸಿದರು. ಆ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಕಾಂಗ್ರೆಸ್ ಅಭ್ಯರ್ಥಿಯ ಪರವಾಗಿ ಸ್ವತಃ ನೆಹರೂ ಪ್ರಚಾರಕ್ಕೆ ಬಂದಿದ್ದರು. ಪ್ರಜಾ ಸಮಾಜವಾದಿ ಪಕ್ಷ, ಲೋಕಸಭೆ, ಮತ್ತೆ ಕಾಂಗ್ರೆಸ್, ದೇವರಾಜ ಅರಸರ ಸಂಪುಟ, ಇಂದಿರಾ ಗಾಂಧಿ ಮತ್ತು ರಾಜೀವ ಗಾಂಧಿಯವರ ಸಂಪುಟಗಳಲ್ಲಿ ರಾಜ್ಯ ಸಚಿವ ಸ್ಥಾನ ಹೀಗೆ ಸಾಗಿದ ಅವರ ದಾರಿಯು 1989ರಲ್ಲಿ ಕರ್ನಾಟಕ ವಿಧಾನಸಭೆಯ ಅಧ್ಯಕ್ಷ ಪೀಠಕ್ಕೆ ಬಂದು ನಿಂತಿತು. 1993ರ ಆರಂಭದವರೆಗೂ ಅವರು ಆ ಪೀಠದಲ್ಲಿದ್ದರು.

ಆ ಮೂರು ವರ್ಷಗಳು ಸಾಮಾನ್ಯ ವರ್ಷಗಳಲ್ಲ. 1989ರ ಏಪ್ರಿಲ್‌ನಲ್ಲಷ್ಟೇ ನಮ್ಮ ಹುಬ್ಬಳ್ಳಿಯವರೇ ಆದ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು, ಬಹುಮತ ಸಾಬೀತುಪಡಿಸಲು ಸದನದಲ್ಲಿ ಅವಕಾಶವನ್ನೇ ಕೊಡದೆ, ರಾಜಭವನದ ವರದಿಯೊಂದರ ಮೇಲೆ ವಜಾ ಮಾಡಲಾಗಿತ್ತು. ಸರಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದ ಸ್ಥಳ ಸದನವೇ ಹೊರತು ರಾಜಭವನವಲ್ಲ ಎಂದು ಸುಪ್ರೀಂ ಕೋರ್ಟ್ 1994ರ ಮಾರ್ಚ್‌ನಲ್ಲಿ ತೀರ್ಪು ನೀಡಿತು. ಇಂದಿಗೂ ದೇಶದ ಯಾವ ಮೂಲೆಯಲ್ಲಿ ಸರಕಾರ ಅಲುಗಿದರೂ ಬೊಮ್ಮಾಯಿಯವರ ಹೆಸರು ಕೇಳಿಬರುತ್ತದೆ. ಕೃಷ್ಣ ಅವರು ಪೀಠದಲ್ಲಿದ್ದಾಗ 1990ರ ಅಕ್ಟೋಬರ್‌ನಲ್ಲಿ ರಾಮನಗರ, ಚನ್ನಪಟ್ಟಣಗಳಲ್ಲಿ ಕೋಮುಗಲಭೆಯ ಬೆಂಕಿ ಹೊತ್ತಿತು, ವೀರೇಂದ್ರ ಪಾಟೀಲರು ಅಧಿಕಾರ ಕಳೆದುಕೊಂಡರು, 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ಉರುಳಿತು. ಮೂವರು ಮುಖ್ಯಮಂತ್ರಿಗಳ ಕಾಲದ ಸದನವನ್ನು ಅವರು ನಡೆಸಿದರು. ಮಾತು ಕಡಿಮೆ, ತಾಳ್ಮೆ ಹೆಚ್ಚು ಎಂಬ ಅವರ ಖ್ಯಾತಿಗೆ ಆ ಪೀಠವೂ ಕಾರಣವಾಗಿರಬಹುದು.

ಪೀಠದಿಂದ ಇಳಿದ ಮೇಲೆ ಅವರು ವೀರಪ್ಪ ಮೊಯ್ಲಿಯವರ ಸರಕಾರದಲ್ಲಿ ಉಪಮುಖ್ಯಮಂತ್ರಿಯಾದರು. ಹುಬ್ಬಳ್ಳಿಯವರು ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ. 1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರ್ ನಡೆದು ನಮ್ಮ ನಗರದಲ್ಲಿ ಜೀವಗಳು ಹೋದದ್ದು, ಬೀದಿಗಳು ಕರ್ಫ್ಯೂವಿನಲ್ಲಿ ಮುಳುಗಿದ್ದು ಅದೇ ಸರಕಾರದ ಅವಧಿಯಲ್ಲಿ. ಸತ್ತವರು ಯಾವ ಧರ್ಮದವರು ಎಂದು ಲೆಕ್ಕ ಹಾಕುವವರ ಸಾಲಿಗೆ ನಾವು ಸೇರುವುದಿಲ್ಲ. ಒಂದು ಮೈದಾನದ ತಕರಾರನ್ನು ವರ್ಷಗಟ್ಟಲೆ ಬೇಯಲು ಬಿಟ್ಟು ಕೊನೆಗೆ ಅದನ್ನು ಬಂದೂಕಿನ ಕೈಗೆ ಒಪ್ಪಿಸುವುದು ಆಡಳಿತದ ಸೋಲು ಎಂದಷ್ಟೇ ಹೇಳಬಲ್ಲೆವು. ಆ ಸೋಲಿನಲ್ಲಿ ಉಪಮುಖ್ಯಮಂತ್ರಿಯ ಪಾಲೂ ಇತ್ತು.

1999ರ ಅಕ್ಟೋಬರ್‌ನಲ್ಲಿ ಕೃಷ್ಣ ಮುಖ್ಯಮಂತ್ರಿಯಾದರು. ಭೂಮಿ ಯೋಜನೆ, ಶಾಲಾ ಮಕ್ಕಳ ಬಿಸಿಯೂಟ, ಯಶಸ್ವಿನಿ ಆರೋಗ್ಯ ಯೋಜನೆ ಇವುಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಭದ್ರತೆಯ ವಿಚಾರದಲ್ಲಿ ಅವರು ನಿಜವಾದ ಅಗ್ನಿಪರೀಕ್ಷೆ ಎದುರಿಸಿದ್ದು 2000ನೆಯ ಇಸವಿಯಲ್ಲಿ. ಆ ಪರೀಕ್ಷೆಯ ಮೊದಲ ಪ್ರಶ್ನೆಪತ್ರಿಕೆ ಬಂದದ್ದೇ ಹುಬ್ಬಳ್ಳಿಯಿಂದ.

2000ದ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ವಾಡಿಯ ಚರ್ಚೊಂದರಲ್ಲಿ ಸ್ಫೋಟವಾಯಿತು. ಜುಲೈ 8ರಂದು ಹುಬ್ಬಳ್ಳಿಯ ಲೂಥರನ್ ಚರ್ಚ್‌ನಲ್ಲಿ ಬಾಂಬ್ ಸಿಡಿಯಿತು. ಮರುದಿನವೇ ಬೆಂಗಳೂರಿನ ಚರ್ಚ್‌ನಲ್ಲಿ ಮತ್ತೊಂದು. ನಾಡಿನ ಕ್ರೈಸ್ತ ಬಂಧುಗಳು ತತ್ತರಿಸಿ ಹೋದರು. ಇದು ಯಾರ ಕೃತ್ಯ ಎಂಬ ಬಗ್ಗೆ ಎಲ್ಲ ಕಡೆಯಿಂದಲೂ ಊಹಾಪೋಹಗಳು ಹಾರಾಡುತ್ತಿದ್ದಾಗ ಬೆಂಗಳೂರಿನಲ್ಲಿ ಒಂದು ವ್ಯಾನ್ ತಾನಾಗಿಯೇ ಸ್ಫೋಟಿಸಿ ಅದರಲ್ಲಿದ್ದ ಇಬ್ಬರು ಸತ್ತರು. ಆ ಎಳೆಯನ್ನು ಹಿಡಿದು ಹೊರಟ ತನಿಖೆಯು ದೀನ್‌ದಾರ್ ಅಂಜುಮನ್ ಎಂಬ ಸಂಘಟನೆಯವರ ಬಳಿ ಹೋಗಿ ನಿಂತಿತು. 2001ರಲ್ಲಿ ಕೇಂದ್ರ ಸರಕಾರ ಅದನ್ನು ನಿಷೇಧಿಸಿತು. 2008ರ ನವೆಂಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಶಿಕ್ಷೆ ವಿಧಿಸಿತು. ಮುಖ್ಯವಾಹಿನಿಯ ಮುಸ್ಲಿಮರು ಆ ಪಂಥವನ್ನು ತಮ್ಮದೆಂದು ಎಂದೂ ಒಪ್ಪಿಕೊಂಡಿರಲಿಲ್ಲ, ಅದು ಸರಿ. ಆದರೆ ಪ್ರಾರ್ಥನಾ ಮಂದಿರದಲ್ಲಿ ಬಾಂಬಿಡುವವನನ್ನು 'ಅವನು ನಮ್ಮವನಲ್ಲ' ಎಂದು ಹೇಳಿ ಕೈತೊಳೆದುಕೊಳ್ಳುವುದು ಸಾಲದು. ಅವನ ವಿರುದ್ಧದ ಮೊದಲ ಧ್ವನಿ ನಮ್ಮ ಮೊಹಲ್ಲಾಗಳಿಂದಲೇ ಬರಬೇಕು. ಇಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಈ ಪ್ರಕರಣದಲ್ಲಿ ಸ್ಫೋಟಗೊಂಡ ವಾಹನವೆಂಬ ಕಣ್ಣಿಗೆ ಕಾಣುವ ಸಾಕ್ಷ್ಯದಿಂದ ಹೊರಟ ತನಿಖೆ ನ್ಯಾಯಾಲಯದವರೆಗೂ ತಲುಪಿತು.

ಮೂರು ವಾರ ಕಳೆಯುವಷ್ಟರಲ್ಲಿ, ಜುಲೈ 30ರ ರಾತ್ರಿ, ವೀರಪ್ಪನ್ ವರನಟ ಡಾ. ರಾಜಕುಮಾರ್ ಅವರನ್ನು ಗಾಜನೂರಿನ ಮನೆಯಿಂದ ಅಪಹರಿಸಿದ. 108 ದಿನ ಇಡೀ ಕರ್ನಾಟಕ ಉಸಿರು ಬಿಗಿಹಿಡಿದು ಕುಳಿತಿತ್ತು. ಒತ್ತೆಯಾಳಿನ ಜೀವ ಉಳಿಯಬೇಕು, ರಾಜ್ಯದಲ್ಲಿ ಕನ್ನಡಿಗರು ಮತ್ತು ತಮಿಳರ ನಡುವೆ ರಕ್ತ ಹರಿಯಬಾರದು, ಸರಕಾರ ದರೋಡೆಕೋರನಿಗೆ ಮಣಿದಂತೆಯೂ ಆಗಬಾರದು. ಮೂರನ್ನೂ ಒಟ್ಟಿಗೆ ಸಾಧಿಸುವುದು ಯಾವ ಮುಖ್ಯಮಂತ್ರಿಗೂ ಸುಲಭವಾಗಿರಲಿಲ್ಲ. ಕೃಷ್ಣ ಮೊದಲಿನ ಎರಡನ್ನು ಆರಿಸಿಕೊಂಡರು. ವೀರಪ್ಪನ್‌ನ ಬೇಡಿಕೆಯಂತೆ, ಟಾಡಾ ಕಾಯಿದೆಯಡಿ ಮೈಸೂರಿನ ಜೈಲಿನಲ್ಲಿದ್ದ ಐವತ್ತಕ್ಕೂ ಹೆಚ್ಚು ಜನರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಸರಕಾರ ಮುಂದಾಯಿತು. ವಿಶೇಷ ನ್ಯಾಯಾಲಯ ಒಪ್ಪಿಗೆಯನ್ನೂ ಕೊಟ್ಟಿತು.

ಆಗ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವರು ಅಬ್ದುಲ್ ಕರೀಂ ಎಂಬ ನಿವೃತ್ತ ಪೊಲೀಸ್ ಅಧಿಕಾರಿ. 1992ರ ಆಗಸ್ಟ್ 14ರಂದು ಮಿಣ್ಯಂ ಬಳಿ ವೀರಪ್ಪನ್‌ನ ಹೊಂಚಿಗೆ ಬಲಿಯಾದ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರ ಜೊತೆಯಲ್ಲೇ ಪ್ರಾಣ ತೆತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. ಕರ್ತವ್ಯದಲ್ಲಿದ್ದಾಗ ಸತ್ತ ಮಗನಿಗೆ ನ್ಯಾಯ ಸಿಗುವ ಮೊದಲೇ ಕೊಂದವನ ಸಹಚರರನ್ನು ಬಿಡುಗಡೆ ಮಾಡಲು ಹೊರಟಿದ್ದೀರಿ, ಇದರಲ್ಲಿ ಸಾರ್ವಜನಿಕ ಹಿತ ಎಲ್ಲಿದೆ ಎಂಬುದು ಆ ತಂದೆಯ ವಾದದ ತಿರುಳಾಗಿತ್ತು. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ಮನವಿಯನ್ನು ಎತ್ತಿ ಹಿಡಿದು ಆರೋಪ ಹಿಂತೆಗೆತಕ್ಕೆ ತಡೆ ಹಾಕಿತು. 'ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ಸರಕಾರ' ಎಂಬ ಆ ಮೊಕದ್ದಮೆ ಇಂದು ಕಾನೂನು ವಿದ್ಯಾರ್ಥಿಗಳ ಪುಸ್ತಕಗಳಲ್ಲಿದೆ. ನವೆಂಬರ್ 15ರಂದು ರಾಜಕುಮಾರ್ ಸುರಕ್ಷಿತವಾಗಿ ಮರಳಿದರು. ಮುಸ್ಲಿಮರ ದೇಶನಿಷ್ಠೆಯ ಬಗ್ಗೆ ದಿನಬೆಳಗಾದರೆ ಪ್ರಮಾಣಪತ್ರ ಕೇಳುವವರು ಈ ತಂದೆ ಮಗನ ಹೆಸರನ್ನು ಒಮ್ಮೆಯಾದರೂ ಉಚ್ಚರಿಸಿದ್ದನ್ನು ನಾವು ಕೇಳಿಲ್ಲ. ನಮ್ಮ ಸಮುದಾಯದ ಶಾಲೆಗಳಲ್ಲಿಯಾದರೂ ಅವರ ಹೆಸರು ಗೊತ್ತಿದೆಯೇ? ಅದೂ ಇಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ತೀರ್ಪು ಕೊಡುವುದು ಸುಲಭವಿತ್ತು. ಜೈಲಿನಲ್ಲಿದ್ದ ಆ ಟಾಡಾ ಕೈದಿಗಳಲ್ಲಿ ಬಹಳಷ್ಟು ಜನ ಕಾಡಂಚಿನ ಹಳ್ಳಿಗಳ ಬಡವರು. 2001ರಲ್ಲಿ ಮೈಸೂರಿನ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಖುಲಾಸೆಯಾದರು. ಟಾಡಾ ಕಾಯಿದೆ 1995ರಲ್ಲಿಯೇ ಜಾರಿಯಿಂದ ಬಿದ್ದುಹೋಗಿತ್ತು, ಅದರ ಕೈದಿಗಳು ಮಾತ್ರ ಒಳಗೇ ಇದ್ದರು. ಅಂದರೆ, ಅಪರಾಧಿಗಳನ್ನು ಬಿಡಬೇಡಿ ಎಂದ ತಂದೆಯ ಮಾತೂ ಸರಿ. ಅಪರಾಧವೇ ಮಾಡದವರು ಇಷ್ಟು ವರ್ಷ ಏಕೆ ಒಳಗಿದ್ದರು ಎಂಬ ಪ್ರಶ್ನೆಯೂ ಸರಿ. ಆ ಬಡವರ ವಿಚಾರಣೆ ವರ್ಷಗಟ್ಟಲೆ ಎಳೆದಾಡುತ್ತಿದ್ದಾಗ ಯಾವ ಸರಕಾರಕ್ಕೂ ಅವರ ನೆನಪಾಗಲಿಲ್ಲ. ವೀರಪ್ಪನ್ ಕೇಳಿದಾಗ ನೆನಪಾಯಿತು. ಕೃಷ್ಣ ಅವರ ಸರಕಾರದ ನಿಜವಾದ ತಪ್ಪು ಇಲ್ಲಿದೆಯೆಂದು ನಾವು ಭಾವಿಸುತ್ತೇವೆ. ನ್ಯಾಯದ ದೃಷ್ಟಿಯಿಂದ ಮಾಡಬೇಕಾಗಿದ್ದ ಕೆಲಸವನ್ನು ಅದು ಭಯದ ದೃಷ್ಟಿಯಿಂದ ಮಾಡಲು ಹೋಯಿತು. ಅಷ್ಟಾದರೂ, ಮುಖ್ಯಮಂತ್ರಿ ಸದನಕ್ಕೆ ಉತ್ತರ ಹೇಳಬೇಕಿತ್ತು, ಪತ್ರಿಕೆಗಳು ಟೀಕಿಸಿದವು, ಒಬ್ಬ ಸಾಮಾನ್ಯ ಪ್ರಜೆ ಅವರ ನಿರ್ಧಾರವನ್ನು ನ್ಯಾಯಾಲಯದಲ್ಲಿ ನಿಲ್ಲಿಸಿದ. ತೆರೆದ ಬೆಳಕಿನಲ್ಲಿ ತೆಗೆದುಕೊಂಡ ತಪ್ಪು ನಿರ್ಧಾರವನ್ನು ತಿದ್ದಬಹುದು. ಮುಚ್ಚಿದ ಕೋಣೆಯ ತಪ್ಪು ನಿರ್ಧಾರ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಹಾರಾಷ್ಟ್ರದ ರಾಜ್ಯಪಾಲರಾಗಿ ಕೆಲವು ವರ್ಷ ಕಳೆದು 2008ರ ಮಾರ್ಚ್‌ನಲ್ಲಿ ಅವರು ರಾಜೀನಾಮೆ ಕೊಟ್ಟು ಕರ್ನಾಟಕಕ್ಕೆ ಮರಳಿದಾಗ, ಇಲ್ಲಿ ಸದನವೇ ಇರಲಿಲ್ಲ. 2007ರ ನವೆಂಬರ್‌ನಲ್ಲಿ ವಿಧಾನಸಭೆ ವಿಸರ್ಜನೆಯಾಗಿ ರಾಜ್ಯ ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ಹುಬ್ಬಳ್ಳಿಯ ಮುಸ್ಲಿಂ ಕುಟುಂಬಗಳು ಎಂದೂ ಮರೆಯಲಾರದ ತಿಂಗಳುಗಳು ಅವು. 2008ರ ಆರಂಭದಲ್ಲಿ ವೈದ್ಯಕೀಯ ವಿದ್ಯಾರ್ಥಿಯೂ ಸೇರಿದಂತೆ ಹಲವು ಯುವಕರು ನಿಷೇಧಿತ ಸಂಘಟನೆಯ ಸಂಚಿನ ಆರೋಪದ ಮೇಲೆ ಬಂಧಿತರಾದರು. ಟಿವಿ ಪರದೆಗಳಲ್ಲಿ ವಿಚಾರಣೆ ಒಂದೇ ವಾರದಲ್ಲಿ ಮುಗಿದು ಶಿಕ್ಷೆಯೂ ಘೋಷಣೆಯಾಯಿತು. ಮೇ 10ರಂದು, ಚುನಾವಣೆಯ ಮೊದಲ ಹಂತದ ಮತದಾನದ ದಿನ, ಹುಬ್ಬಳ್ಳಿಯ ನ್ಯಾಯಾಲಯದಲ್ಲಿ ಬಾಂಬ್ ಸಿಡಿದಾಗ ಬೆರಳುಗಳು ಎತ್ತ ತಿರುಗಿದವು ಎಂದು ಬಿಡಿಸಿ ಹೇಳಬೇಕಾಗಿಲ್ಲ. 2009ರ ಜನವರಿಯಲ್ಲಿ ಪೊಲೀಸರು ಆ ಸ್ಫೋಟಕ್ಕೆ ಸಂಬಂಧಿಸಿ ಬಂಧಿಸಿದ್ದು ಬೇರೆಯೇ ತಂಡವನ್ನು. ಆ ತಂಡಕ್ಕೂ ಮುಸ್ಲಿಮರಿಗೂ ಸಂಬಂಧವಿರಲಿಲ್ಲ. ಇತ್ತ ಸಂಚಿನ ಮೊಕದ್ದಮೆಯಲ್ಲಿ ಏಳು ವರ್ಷಗಳ ನಂತರ, 2015ರಲ್ಲಿ, ಹುಬ್ಬಳ್ಳಿಯ ನ್ಯಾಯಾಲಯ 17 ಜನರನ್ನು ಖುಲಾಸೆ ಮಾಡಿತು.

ಏಳು ವರ್ಷವೆಂದರೆ ಎಷ್ಟು? ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿ ವೈದ್ಯನಾಗಿ, ಮದುವೆಯಾಗಿ, ಮಗುವನ್ನು ಶಾಲೆಗೆ ಸೇರಿಸುವಷ್ಟು ಕಾಲ. ಮನೆಯವರು ನ್ಯಾಯಾಲಯದ ಮೆಟ್ಟಿಲು ಹತ್ತಿಳಿದು, ಒಡವೆ ಮಾರಿ, ಹೆಣ್ಣುಮಕ್ಕಳ ಸಂಬಂಧಗಳು ಮುರಿದುಬಿದ್ದದ್ದನ್ನು ಕಣ್ಣಾರೆ ಕಾಣುವಷ್ಟು ಕಾಲ. ಬಂಧನದ ಸುದ್ದಿಗೆ ಮುಖಪುಟ ಸಿಕ್ಕಿತ್ತು, ಖುಲಾಸೆಯ ಸುದ್ದಿಗೆ ಅಂತಹ ಜಾಗ ಸಿಗಲಿಲ್ಲ. ಬಂಧಿಸಿದ್ದು ಸರಿಯೇ ತಪ್ಪೇ ಎಂದು ಕೇಳಲು ಆ ತಿಂಗಳುಗಳಲ್ಲಿ ವಿಧಾನಸಭೆಯೂ ಇರಲಿಲ್ಲ ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇವೆ. ಸದನವಿದ್ದಿದ್ದರೆ ಎಲ್ಲ ಸರಿಯಾಗುತ್ತಿತ್ತೆಂದು ನಾವು ಹೇಳುತ್ತಿಲ್ಲ. ಸದನ ಇದ್ದಾಗಲೂ ಯಾರೂ ಕೇಳದ ಪ್ರಶ್ನೆಗಳು ನೂರಾರಿವೆ. ಆದರೆ ಕೇಳುವ ಜಾಗವೇ ಇಲ್ಲದಿರುವುದಕ್ಕೂ ಜಾಗವಿದ್ದು ಕೇಳದಿರುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ತಪ್ಪು ನಮ್ಮದೂ ಆಗುತ್ತದೆ.

2009ರ ಮೇ ತಿಂಗಳಲ್ಲಿ ಮನಮೋಹನ್ ಸಿಂಗ್ ಅವರು ಕೃಷ್ಣ ಅವರಿಗೆ ವಿದೇಶಾಂಗ ಖಾತೆ ಕೊಟ್ಟರು. ದಿಲ್ಲಿಯ ಪಂಡಿತರಿಗೆ ವಿದೇಶಾಂಗವೆಂದರೆ ಅಮೆರಿಕಾ ಮತ್ತು ಚೀನಾ. ಹಳೇ ಹುಬ್ಬಳ್ಳಿಯ ಒಂದು ಕುಟುಂಬಕ್ಕೆ ವಿದೇಶಾಂಗವೆಂದರೆ ಹಜ್ ಯಾತ್ರೆ, ಗಲ್ಫ್‌ನಲ್ಲಿರುವ ಮಗ, ಪಾಸ್‌ಪೋರ್ಟ್ ಕಚೇರಿ ಮತ್ತು ಮನೆಗೆ ವಿಚಾರಣೆಗೆ ಬರುವ ಪೊಲೀಸ್ ಪೇದೆ. 2016ರವರೆಗೂ ಹಜ್ ವ್ಯವಸ್ಥೆ ವಿದೇಶಾಂಗ ಇಲಾಖೆಯ ಕೈಯಲ್ಲಿತ್ತು. 2009ರ ಹಜ್‌ನಿಂದ ಹಳೆಯ ಯಾತ್ರಾಪತ್ರದ ಪದ್ಧತಿ ಹೋಗಿ ಪ್ರತಿ ಯಾತ್ರಿಗೂ ಅಂತಾರಾಷ್ಟ್ರೀಯ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಜನ್ಮ ದಾಖಲೆಯೇ ಇಲ್ಲದ ನಮ್ಮ ಅಜ್ಜಿಯರು, ಅಜ್ಜಂದಿರು ಆ ವರ್ಷ ಪಟ್ಟ ಪಾಡು ಅಷ್ಟಿಷ್ಟಲ್ಲ. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಾಯೋಗಿಕ ಯೋಜನೆ ಕರ್ನಾಟಕದಲ್ಲಿ ಆರಂಭವಾದಾಗ ಬೆಂಗಳೂರು, ಮಂಗಳೂರಿನ ಜೊತೆ ಹುಬ್ಬಳ್ಳಿಯೂ ಅದರಲ್ಲಿತ್ತು. ಒಂದು ಪಾಸ್‌ಪೋರ್ಟಿಗಾಗಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದವರಿಗೆ ಇದರ ಬೆಲೆ ಗೊತ್ತು.

ಆದರೆ ಅಧಿಕಾರದ ನಿಜವಾದ ಕೀಲಿ ಕೃಷ್ಣ ಅವರ ಕೈಯಲ್ಲಿತ್ತೇ? 2010ರ ಜುಲೈ 15ರ ಇಸ್ಲಾಮಾಬಾದ್ ಮಾತುಕತೆ ಇದಕ್ಕೆ ಉತ್ತರ ಹೇಳುತ್ತದೆ. 2008ರ ಮುಂಬೈ ದಾಳಿಯ ನಂತರ ಮುರಿದುಬಿದ್ದಿದ್ದ ಸಂಬಂಧವನ್ನು ಜೋಡಿಸಲು ಅವರು ಅಲ್ಲಿಗೆ ತಲುಪಿದ್ದರು. ಅದೇ ಹೊತ್ತಿಗೆ ದಿಲ್ಲಿಯಲ್ಲಿ ಗೃಹ ಕಾರ್ಯದರ್ಶಿ ಜಿ.ಕೆ. ಪಿಳ್ಳೈ ಅವರು ಮುಂಬೈ ದಾಳಿಯಲ್ಲಿ ಪಾಕಿಸ್ತಾನದ ಐಎಸ್ಐ ಪಾತ್ರದ ಕುರಿತು ಪತ್ರಿಕೆಯೊಂದಕ್ಕೆ ಕೊಟ್ಟ ಹೇಳಿಕೆ ಪ್ರಕಟವಾಯಿತು. ಜಂಟಿ ಪತ್ರಿಕಾಗೋಷ್ಠಿಯಲ್ಲಿ ಪಾಕ್ ವಿದೇಶಾಂಗ ಸಚಿವ ಶಾ ಮೆಹಮೂದ್ ಖುರೇಷಿ ಅದನ್ನೇ ಹಿಡಿದು ಹರಿಹಾಯ್ದರು, ಪಿಳ್ಳೈ ಅವರ ಮಾತನ್ನು ಹಫೀಜ್ ಸಯೀದ್‌ನ ಮಾತಿನ ಪಕ್ಕದಲ್ಲಿಡುವ ಉದ್ಧಟತನವನ್ನೂ ತೋರಿದರು. ಪಕ್ಕದಲ್ಲೇ ಕುಳಿತಿದ್ದ ಕೃಷ್ಣ ಸೌಜನ್ಯ ಬಿಡಲಿಲ್ಲ. ಅಲ್ಲಿಯೇ ತಿರುಗೇಟು ಕೊಡಲಿಲ್ಲವೆಂದು ಇಲ್ಲಿನ ವಿರೋಧ ಪಕ್ಷ ಅವರನ್ನು ತರಾಟೆಗೆ ತೆಗೆದುಕೊಂಡಿತು. ಮಾತುಕತೆಯ ನಡುವೆ ಅವರಿಗೆ ದಿಲ್ಲಿಯಿಂದ ಪದೇಪದೇ ಕರೆಗಳು ಬರುತ್ತಿದ್ದವು ಎಂದು ಮರುದಿನ ಖುರೇಷಿ ಆರೋಪಿಸಿದರು, ಕೃಷ್ಣ ಅಲ್ಲಗಳೆದರು. ಕೆಲವು ದಿನಗಳ ನಂತರ, ತಮ್ಮ ಪ್ರವಾಸದ ಮುನ್ನಾದಿನ ಆ ಹೇಳಿಕೆ ಬರದಿದ್ದರೆ ಚೆನ್ನಾಗಿತ್ತು ಎಂದು ಅವರೇ ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಐವತ್ತು ವರ್ಷ ಸಾರ್ವಜನಿಕ ಬದುಕಿನಲ್ಲಿದ್ದ ಸಚಿವರೊಬ್ಬರ ರಾಯಭಾರವು ಅಧಿಕಾರಿಯೊಬ್ಬರ ಒಂದು ಸಂದರ್ಶನದಿಂದ ನೀರುಪಾಲಾಯಿತು. ಪಿಳ್ಳೈ ಹೇಳಿದ್ದು ಸುಳ್ಳೆಂದು ನಾವು ಹೇಳುತ್ತಿಲ್ಲ. ಯಾವುದನ್ನು ಯಾವಾಗ ಹೇಳಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಪ್ರಶ್ನೆ.

2011ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅವರು ತಪ್ಪಿ ಪೋರ್ಚುಗಲ್ ಸಚಿವರ ಭಾಷಣವನ್ನು ಕೆಲವು ನಿಮಿಷ ಓದಿದ್ದು ದೇಶಕ್ಕೆಲ್ಲ ನಗೆಯ ವಸ್ತುವಾಯಿತು. ಆ ವಯಸ್ಸಿನಲ್ಲಿ ಆಗಬಹುದಾದ ತಪ್ಪೆಂದು ಬಿಟ್ಟುಬಿಡೋಣ. ಜನರಿಗೆ ಈ ಘಟನೆ ನೆನಪಿದೆ. 2012ರ ಸೆಪ್ಟೆಂಬರ್ 8ರಂದು ಅದೇ ಇಸ್ಲಾಮಾಬಾದ್‌ನಲ್ಲಿ ಅವರು ಸಹಿ ಹಾಕಿದ ವೀಸಾ ಒಪ್ಪಂದ ನೆನಪಿಲ್ಲ. 65 ವರ್ಷ ದಾಟಿದವರಿಗೆ ಅಟಾರಿ ವಾಘಾ ಗಡಿಯಲ್ಲಿಯೇ ವೀಸಾ ಕೊಡುವ, ಬಂಧುಗಳನ್ನು ನೋಡಲು ಹೋಗುವವರು ಮೂರರ ಬದಲು ಐದು ಊರುಗಳಿಗೆ ಹೋಗಬಹುದಾದ ಒಪ್ಪಂದವದು. ದೇಶ ಒಡೆದಾಗ ಕರಾಚಿಗೆ ಹೋದ ಅಣ್ಣನ ಮುಖವನ್ನು ಸಾಯುವ ಮೊದಲು ಒಮ್ಮೆ ನೋಡಬೇಕೆಂದು ಕಾದಿದ್ದ ತಂಗಿಯರಿಗೆ ಅದು ಎಷ್ಟು ದೊಡ್ಡದು ಎಂಬುದು ದಿಲ್ಲಿಯ ಭದ್ರತಾ ತಜ್ಞರಿಗೆ ಅರ್ಥವಾಗಲಿಕ್ಕಿಲ್ಲ. ಹಳ್ಳಿ ಹಳ್ಳಿ ತಿರುಗಿ ಮತ ಕೇಳಿದವನಿಗೆ ಅರ್ಥವಾಗಬಹುದು. ಅದೇ ಅಕ್ಟೋಬರ್ ಕೊನೆಯಲ್ಲಿ ಕೃಷ್ಣ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಸಲ್ಮಾನ್ ಖುರ್ಷಿದ್ ಬಂದರು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಉಗ್ರರು ನಿರಪರಾಧಿ ಪ್ರವಾಸಿಗರನ್ನು ಕೊಂದ ಘೋರ ಕೃತ್ಯದ ನಂತರ ಪಾಕಿಸ್ತಾನೀಯರ ವೀಸಾಗಳು ರದ್ದಾದವು, ಅಟಾರಿಯ ಗೇಟು ಮುಚ್ಚಿತು. ಕೊಂದವರು ಆ 26 ಜೀವಗಳ ಜೊತೆಗೆ ಎಷ್ಟೋ ಮುದುಕಿಯರ ಕೊನೆಯ ಆಸೆಯನ್ನೂ ಕೊಂದರು.

2017ರಲ್ಲಿ ಕೃಷ್ಣ ಕಾಂಗ್ರೆಸ್ ತೊರೆದು ಬಿಜೆಪಿ ಸೇರಿದರು. ನಮ್ಮ ಸಮುದಾಯದ ಅನೇಕರಿಗೆ ಅದು ನೋವಿನ ಸಂಗತಿಯಾಗಿತ್ತು, ನಮಗೂ ಸಹ. ಐವತ್ತು ವರ್ಷ ಒಂದು ಮಾತು ಆಡಿ ಕೊನೆಗೆ ಇನ್ನೊಂದು ಮನೆಯ ಜಗುಲಿಯಲ್ಲಿ ಕುಳಿತುಕೊಳ್ಳುವುದು ಆ ಘನತೆಯ ಮನುಷ್ಯನಿಗೆ ಬೇಕಿತ್ತೇ ಎಂದು ಕೇಳುವ ಹಕ್ಕು ನಮಗಿದೆ. 2023ರಲ್ಲಿ ಪದ್ಮವಿಭೂಷಣ ಬಂತು. ಅದರ ಲೆಕ್ಕವನ್ನು ಇತಿಹಾಸ ಹಾಕಲಿ.

ನಮ್ಮ ಪತ್ರಿಕೆ ಹೇಳಬೇಕಾದ ಮಾತು ಬೇರೆ ಇದೆ. ಭದ್ರತಾ ಸಲಹೆಗಾರರ ಹುದ್ದೆಗೆ ಮುಸ್ಲಿಮನೊಬ್ಬ ಬರಲಿ ಎಂದೋ, ಕನ್ನಡಿಗನೊಬ್ಬ ಬರಲಿ ಎಂದೋ ನಾವು ಕೇಳುತ್ತಿಲ್ಲ. ಯಾರೇ ಬರಲಿ, ಜನರ ಪ್ರತಿನಿಧಿಗಳು ಅವರನ್ನು ಕರೆದು ಕೂರಿಸಿ ಕೇಳುವಂತಿರಲಿ. ಗುಪ್ತಚರ ಸಂಸ್ಥೆಗಳನ್ನು ಸಂಸತ್ತಿನ ಮೇಲ್ವಿಚಾರಣೆಗೆ ತರುವ ಖಾಸಗಿ ಮಸೂದೆಯೊಂದನ್ನು 2011ರಲ್ಲಿ ಮನೀಶ್ ತಿವಾರಿ ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಮಾಹಿತಿ ಹಕ್ಕು ಕಾಯಿದೆಯೂ ಗುಪ್ತಚರ ದಳದ ಬಾಗಿಲಿನಲ್ಲಿ ನಿಂತುಬಿಡುತ್ತದೆ. ಹಾಗಿರುವಾಗ ಉಳಿದಿರುವ ದಾರಿ ಸದನವೊಂದೇ. ಆ ದಾರಿಯನ್ನು ನಾವೆಷ್ಟು ಬಳಸಿದ್ದೇವೆ? ನಮ್ಮ ಜಮಾತಿನ ಹಿರಿಯರು ಶಾಸಕರ ಮನೆಗೆ ಹೋಗುವುದು ಶಾದಿ ಮಹಲ್‌ಗೆ ಅನುದಾನ ಕೇಳಲು, ಖಬರಸ್ತಾನದ ಕಾಂಪೌಂಡ್ ಗೋಡೆ ಕಟ್ಟಿಸಲು, ಇಫ್ತಾರ್ ಕೂಟಕ್ಕೆ ಕರೆಯಲು. ಗೋಡೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ 2015ರಲ್ಲಿ ಖುಲಾಸೆಯಾದವರ ಪೈಕಿ ಎಷ್ಟು ಮಂದಿಗೆ ಓದು ಮುಂದುವರಿಸಲು ಸಾಧ್ಯವಾಯಿತು, ಎಷ್ಟು ಮಂದಿಗೆ ಪರಿಹಾರ ಸಿಕ್ಕಿತು, ಸಾಕ್ಷ್ಯವಿಲ್ಲದ ಆರೋಪಪಟ್ಟಿಗೆ ಯಾರನ್ನಾದರೂ ಹೊಣೆ ಮಾಡಲಾಯಿತೇ, ಪಾಸ್‌ಪೋರ್ಟ್ ಪರಿಶೀಲನೆಯಲ್ಲಿ ಅವರ ಮನೆಯವರ ಅರ್ಜಿಗಳು ಇಂದಿಗೂ ಪಕ್ಕಕ್ಕೆ ಬೀಳುತ್ತಿವೆಯೇ ಎಂದು ಒಂದು ಹಾಳೆಯಲ್ಲಿ ಬರೆದು ಅದೇ ಶಾಸಕರ ಕೈಗೆ ಕೊಟ್ಟವರು ಎಷ್ಟು ಜನ?

ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಸದಸ್ಯರು ಹದಿನೈದು ದಿನ ಮುಂಚಿತವಾಗಿ ನೋಟಿಸ್ ಕೊಡಬೇಕು. ಬೆಂಗಳೂರಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ವಿಧಾನಸಭೆಯ ಅಧಿವೇಶನ ಕೂಡುವ ದಿನಾಂಕವೂ ಮೊದಲೇ ಪ್ರಕಟವಾಗುತ್ತದೆ. ಅವಳಿ ನಗರದ ನಮ್ಮ ಸಂಸ್ಥೆಗಳು, ಜಮಾತುಗಳು, ವಕೀಲರು ಮುಂದಿನ ಅಧಿವೇಶನಕ್ಕೆ ಮೊದಲು ಒಂದು ಭಾನುವಾರ ಒಟ್ಟಿಗೆ ಕುಳಿತು ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ, ನ್ಯಾಯಾಲಯದ ತೀರ್ಪಿನ ಪ್ರತಿಯೊಂದಿಗೆ, ಯಾವ ಪಕ್ಷದ ಸದಸ್ಯರೇ ಆಗಿರಲಿ ಅವರಿಗೆ ತಲುಪಿಸಲಿ. ಉತ್ತರ ಬಂದರೆ, ಅದು ಹೇಗಿದ್ದರೂ, ಈ ಪುಟದಲ್ಲಿ ಅದನ್ನು ಪ್ರಕಟಿಸುತ್ತೇವೆ.